ಮನೆಯೊಳಗಣ ಗಣಕಜಾಲ

ಒಂದು ಗಣಕಯಂತ್ರದಲ್ಲಿರುವ ಪಾಠದ ಚಿತ್ರವನ್ನು ಇನ್ನೊಂದಕ್ಕೆ ಸಾಗಿಸಲು ಪೆನ್‌ಡ್ರೈವ್ ಹಿಡಿದು ಕೋಣೆಯಿಂದ ಕೋಣೆಗೆ ಓಡಾಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇನ್ನು ಕೆಲವರು ಅದನ್ನು ಅಂತರಜಾಲದ ಮೂಲಕ ದೂರದೇಶಕ್ಕೆ ಕಳುಹಿಸಿ, ಅಲ್ಲಿಂದ ಪಕ್ಕದ ಕೋಣೆಗೆ ಇಳಿಸಿಕೊಳ್ಳುತ್ತಾರೆ. ಅಂಗಳದಲ್ಲಿ ಬಾವಿಯಿರುವಾಗ ಕೊಡ ಹೊತ್ತು ಹೊಳೆಗೆ ಹೋದಂತಾಯಿತು ಇದು! ಮನೆಯ ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿದರೆ ಈ ಶ್ರಮವೂ ತಪ್ಪುವುದು, ಕೂಡಿ ಆಡುವುದಕ್ಕೂ ಅನುಕೂಲವಾಗುವುದು. ಇಂತಹ ಜೋಡಣೆಗೆ ಸ್ಥಳೀಯ ಜಾಲವೆಂದು ಹೆಸರು.

1973ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಝೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಎಂಬವರು ಈಥರ್‌ನೆಟ್ ಎಂಬ ಪದ್ಧತಿಯನ್ನು ರೂಪಿಸತೊಡಗಿದರು. ಅಂದು ಕಚೇರಿಗಾಗಿ ಹುಟ್ಟಿದುದು ಕ್ರಮೇಣ ಮನೆಗೂ ಬಂದಿತು. 1993ರಲ್ಲಿ ‘ಡೂಮ್’ ಎಂಬ ಆಟವು ಹೊರಬಂದಾಗ ನಾಲ್ವರು ಒಂದೇ ಜಾಲದಲ್ಲಿ ಕುಳಿತು ಆಡುವಂತಾಯಿತು.

ಈ ಜಾಲಕ್ಕೆ ಬೇಕಾಗುವ ಸಾಮಗ್ರಿ ಅಲ್ಪವೇ. ಮೊದಲನೆಯದು ರೌಟರ್. ಇದು ಪ್ರತಿಯೊಂದು ಯಂತ್ರಕ್ಕೂ 192.168.1.5 ಎಂಬಂತಹ ಸಂಖ್ಯೆಯನ್ನು ಕೊಡುತ್ತದೆ. ಅಂಚೆಯವನಿಗೆ ಮನೆಯ ನಂಬರು ಬೇಕಲ್ಲವೆ? ಹಾಗೆಯೇ ಇದು. ಮುಂಬಯಿಯ ಚಾಳು ಚಾಳಿನಲ್ಲಿಯೂ 5ನೆಯ ನಂಬರಿನ ಖೋಲಿಯಿರುವಂತೆ, ಇದೇ ಸಂಖ್ಯೆಯು ಎಷ್ಟೋ ಮನೆಗಳಲ್ಲಿರಬಹುದು. ಅದು ಒಳಗಿನ ವ್ಯವಹಾರಕ್ಕೆ ಮಾತ್ರ ಸಲ್ಲುವುದರಿಂದ ಗೊಂದಲವಿಲ್ಲ. ಅಂತರಜಾಲದ ಸಂಪರ್ಕ ಕಡಿದಿದ್ದರೂ ಒಳಗಿನ ಜಾಲ ನಡೆಯುತ್ತಲೇ ಇರುತ್ತದೆ.

ಎರಡನೆಯದು ಕೇಬಲ್. ಇದರೊಳಗೆ ಎಂಟು ಎಳೆಗಳು ನಾಲ್ಕು ಜೋಡಿಗಳಾಗಿ ಹೊಸೆದುಕೊಂಡಿವೆ. ಹೊಸೆಯುವುದೇಕೆ? ಹೊರಗಿನ ವಿದ್ಯುತ್ತಿನ ಗದ್ದಲವು ಆಗ ಎರಡೂ ಎಳೆಗಳ ಮೇಲೆ ಬಹುಮಟ್ಟಿಗೆ ಸಮನಾಗಿ ಬೀಳುತ್ತದೆ. ಯಂತ್ರವು ಎರಡರ ವ್ಯತ್ಯಾಸವನ್ನಷ್ಟೇ ಗಣಿಸುವುದರಿಂದ ಆ ಗದ್ದಲ ಕಳೆದುಹೋಗುತ್ತದೆ. ದೂರವಾಣಿಯ ತಂತಿಗಾಗಿ ಅಲೆಗ್ಸಾಂಡರ್ ಗ್ರಹಾಂ ಬೆಲ್ಲರು 1881ರಲ್ಲಿಯೇ ಈ ಉಪಾಯಕ್ಕೆ ಪೇಟೆಂಟ್ ಪಡೆದಿದ್ದರು.

ಇಂತಹ ಒಳ್ಳೆಯ ಕೇಬಲ್ 100 ಮೀಟರಿನವರೆಗೆ ಸೆಕೆಂಡಿಗೆ 1 ಗಿಗಾಬಿಟ್, ಅಂದರೆ 125 ಮೆಗಾಬೈಟ್, ಸಾಗಿಸಬಲ್ಲುದು. ಈ ಲೆಕ್ಕದಲ್ಲಿ 4 ಗಿಗಾಬೈಟಿನ ಚಲನಚಿತ್ರವೊಂದು 32 ಸೆಕೆಂಡುಗಳಲ್ಲಿ ಹೋಗಬೇಕು. ವ್ಯವಹಾರದಲ್ಲಿ ತುಸು ಹೆಚ್ಚು ಹಿಡಿಯುತ್ತದೆ. ಆಟದ ಮಾತು ಬೇರೆ. ಅಲ್ಲಿ ಸಾಗುವ ಸುದ್ದಿ ಚಿಕ್ಕದು, ಆದರೆ ಅದು ತಡೆಯಿಲ್ಲದೆ ಮುಟ್ಟಬೇಕು. ವೈಫೈಯಲ್ಲಿ ಎಲ್ಲ ಯಂತ್ರಗಳೂ ಒಂದೇ ಗಾಳಿಯನ್ನು ಹಂಚಿಕೊಂಡು ಸರದಿಯಂತೆ ಮಾತಾಡಬೇಕು, ಗೋಡೆಗಳೂ ಅಡ್ಡಬರುತ್ತವೆ. ಆದುದರಿಂದ ಆಟದ ಯಂತ್ರಕ್ಕೆ ತಂತಿಯೇ ಲೇಸು. ಆಟದಲ್ಲಿ ಒಂದು ಯಂತ್ರವು ಯಜಮಾನನಾಗಿ ಆಟವನ್ನು ತೆರೆಯುತ್ತದೆ, ಉಳಿದುವು ಅದನ್ನು ಸೇರುತ್ತವೆ.

ಇನ್ನು ಕಡತಗಳ ಹಂಚಿಕೆ. ಇಲ್ಲಿ ಎಚ್ಚರ ಅತ್ಯಗತ್ಯ. ಇಡಿಯ ಯಂತ್ರವನ್ನು ತೆರೆದಿಡದೆ ಒಂದೇ ಫೋಲ್ಡರನ್ನು ಹಂಚಬೇಕು. ಓದಿದರೆ ಸಾಕೆನ್ನುವವರಿಗೆ ಓದುವ ಅಧಿಕಾರವನ್ನಷ್ಟೇ ಕೊಡಬೇಕು. ಗುಪ್ತಪದವನ್ನು ಇಡಲೇಬೇಕು. 2017ರ ಮೇ 12ರಂದು ‘ವಾನ್ನಕ್ರೈ’ ಎಂಬ ದುಷ್ಟ ತಂತ್ರಾಂಶವು ವಿಂಡೋಸಿನ ಕಡತ ಹಂಚಿಕೆಯ ದೋಷವೊಂದರಿಂದಲೇ ಯಂತ್ರದಿಂದ ಯಂತ್ರಕ್ಕೆ ಹಬ್ಬಿತು. ಅದು ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ತೊಂದರೆಗೀಡಾದವು. ಆ ದೋಷದ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಚ್ ತಿಂಗಳಲ್ಲಿಯೇ ಹೊರಡಿಸಿತ್ತು. ಆಲಸ್ಯವಿಲ್ಲದೆ ಅದನ್ನು ಹಾಕಿಕೊಂಡ ಯಂತ್ರಗಳಿಗೆ ಆ ದಾರಿಯಿಂದ ಅದು ನುಗ್ಗಲಾರದಾಯಿತು.

ಮತ್ತೊಂದು ಮಾತು. ಹಂಚಿಕೊಂಡದ್ದೆಲ್ಲ ಕಾಪಿಟ್ಟಂತಾಗದು. ಫೋಲ್ಡರನ್ನು ನಾಲ್ವರು ನೋಡಬಹುದು, ಆದರೆ ಅದು ಇರುವುದು ಒಂದೇ ಡಿಸ್ಕಿನಲ್ಲಿ. ಆ ಡಿಸ್ಕು ಕೆಟ್ಟರೆ ಅಜ್ಜಿಯ ಭಾವಚಿತ್ರವೂ ಅಣ್ಣನ ವರ್ಷದ ಟಿಪ್ಪಣಿಗಳೂ ನಾಲ್ವರಿಗೂ ಒಮ್ಮೆಲೇ ಇಲ್ಲವಾಗುತ್ತವೆ. ಆದುದರಿಂದ ಮುಖ್ಯವಾದವುಗಳ ಪ್ರತಿಯೊಂದನ್ನು ಜಾಲಕ್ಕೆ ಸೇರದ ಬೇರೊಂದು ಡಿಸ್ಕಿನಲ್ಲಿ ಇಡೋಣ.

ಮಿತ್ರರೇ, ಹಿರಿಯರ ಅನುಮತಿ ಪಡೆದು ಈ ರಜೆಯಲ್ಲಿ ಇದನ್ನು ಮಾಡಿ ನೋಡೋಣ. ತಂಗಿ ಪಾಠ ಓದುತ್ತಿರುವಾಗ ನಮ್ಮ ಆಟದ ಸದ್ದು ಅವಳಿಗೆ ಅಡ್ಡಿಯಾಗದಿರಲಿ. ಯಂತ್ರಗಳು ಸರದಿಯನ್ನು ಪಾಲಿಸುತ್ತವೆ, ನಾವೂ ಪಾಲಿಸಬೇಡವೆ?