ಬಣ್ಣ ಹಚ್ಚಿದವರು ಯಾರ ಮನೆಯವರು?

ಹುಣಸಗಿಯ ಸುತ್ತಲಿನ ಊರುಗಳಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾದವೆಂದರೆ ನಾಟಕದ ಕರಪತ್ರಗಳು ಚಹದಂಗಡಿಯ ಗೋಡೆಗಳನ್ನೇರುತ್ತವೆ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಇಲ್ಲಿಯ ಎಷ್ಟೋ ಜೋಳದ ಹೊಲಗಳು ಬತ್ತದ ಗದ್ದೆಗಳಾದವು. ಒಕ್ಕಲುತನದ ರೀತಿಯೇ ಬದಲಾಯಿತು. ಜಾತ್ರೆಯ ನಾಟಕ ಮಾತ್ರ ನಿಂತಿಲ್ಲ. ಎರಡು ತಿಂಗಳು ಮೊದಲೇ ಪೇಟಿ ಮಾಸ್ತರರನ್ನು ಕರೆಸಿ, ಗುಡಿಯ ಪೌಳಿಯಲ್ಲಿ ತಾಲೀಮು ನಡೆಸಿ, ಬಾಡಿಗೆಗೆ ಪರದೆಗಳನ್ನು ತಂದು, ರಾತ್ರಿ ಹತ್ತಕ್ಕೆ ಆರಂಭಿಸಿ ಕೋಳಿ ಕೂಗುವವರೆಗೆ ಆಡುವ ನಾಟಕವಿದು.

ಇತ್ತೀಚೆಗೆ ಅಂಥದೊಂದು ಬಸವೇಶ್ವರ ನಾಟಕಕ್ಕೆ ನಾನು ಹೋಗಿದ್ದೆ. ಬಸವಣ್ಣನಾಗಿದ್ದವನು ಹಗಲು ಟ್ರ್ಯಾಕ್ಟರ್ ನಡೆಸುವ ಯುವಕ. ಬಿಜ್ಜಳನದು ಗೊಬ್ಬರದ ಅಂಗಡಿ. ಕೊಂಡಿ ಮಂಚಣ್ಣ ಊರಿನ ಸಿಂಪಿಗ. ಅವನು ರಂಗದ ಮೇಲೆ ಬಂದಾಗಲೆಲ್ಲ ಹೆಂಗಸರು ಬೈದರು, ಅದಕ್ಕಿಂತ ದೊಡ್ಡ ಪ್ರಶಸ್ತಿ ಅವನಿಗೆ ಬೇಕಿರಲಿಲ್ಲ. ಹರಳಯ್ಯನ ಪಾತ್ರವನ್ನು ಸಮಗಾರರ ಮನೆಯ ಹುಡುಗನೇ ಮಾಡಿದ್ದ. ಕಂಚಿನ ಕಂಠ ಅವನದು. ಮಧುವರಸನ ಪಾತ್ರ ಅವನಿಗೇಕೆ ಕೊಡಲಿಲ್ಲವೆಂದು ನಾನು ಮಾಸ್ತರರನ್ನು ಕೇಳಲಿಲ್ಲ, ಕೇಳಬೇಕಾಗಿತ್ತು.

ಕರಪತ್ರದಲ್ಲಿ ದೇಣಿಗೆ ಕೊಟ್ಟವರ ಹೆಸರುಗಳು ಮನೆತನದೊಂದಿಗೆ ದಪ್ಪಕ್ಷರದಲ್ಲಿದ್ದವು. ಸ್ತ್ರೀ ಪಾತ್ರದವರದೋ, ‘ಕುಮಾರಿ’ ಎಂಬುದರ ಮುಂದೆ ಒಂದು ಹೆಸರು, ಒಂದು ಪಟ್ಟಣ, ಅಷ್ಟೇ. ಗದಗ, ಇಳಕಲ್ಲ, ಬಾಗಲಕೋಟೆಗಳಿಂದ ಬರುವ ಈ ತಾಯಂದಿರಲ್ಲಿ ಮೊಮ್ಮಕ್ಕಳನ್ನು ಕಂಡವರೂ ಇದ್ದಾರೆ. ಕರಪತ್ರದಲ್ಲಿ ಅವರೆಲ್ಲ ಇನ್ನೂ ಕುಮಾರಿಯರೇ.

ಶರಣರ ಕಾಲದಲ್ಲಿ ಹೀಗಿರಲಿಲ್ಲ. ವೇಷ ಹಾಕುವವರೂ ನಗಿಸುವವರೂ ಅನುಭವ ಮಂಟಪದ ಬಾಗಿಲಾಚೆ ನಿಂತವರಲ್ಲ. ಬಹುರೂಪಿ ಚೌಡಯ್ಯ ಬಹುರೂಪದ ಆಟವನ್ನೇ ಕಾಯಕ ಮಾಡಿಕೊಂಡಿದ್ದನು. ನಗೆಯ ಮಾರಿತಂದೆ ಜನರನ್ನು ನಗಿಸಿ ಬಂದುದರಲ್ಲಿ ಜಂಗಮ ದಾಸೋಹ ನಡೆಸಿದನು. ಢಕ್ಕೆಯ ಬೊಮ್ಮಣ್ಣನ ಹೆಸರಿನಲ್ಲೇ ವಾದ್ಯವಿದೆ. ಕಿನ್ನರಿ ಬೊಮ್ಮಯ್ಯ ಅಕ್ಕಸಾಲೆಯ ಕೆಲಸದಿಂದ ಕಿನ್ನರಿ ನುಡಿಸುವುದಕ್ಕೆ ಬಂದವನು. ತಮ್ಮ ಹಿನ್ನೆಲೆಯನ್ನು ಮುಚ್ಚಿಡುವ ಬದಲು ಅವರು ಅದನ್ನೇ ಹೆಸರಿನ ಮುಂದಿಟ್ಟುಕೊಂಡರು. ಇವರ ವಚನಗಳನ್ನು ನಾವು ಇಂದು ಪಾರಾಯಣ ಮಾಡುತ್ತೇವೆ. ಆದರೆ ಜಾತ್ರೆಗೆ ಬಂದ ವೇಷಗಾರನಿಗೆ ಕಟ್ಟೆಯ ಮೇಲೆ ಚಾಪೆ ಹಾಸಲು ಹಿಂದೆ ಮುಂದೆ ನೋಡುತ್ತೇವೆ.

ಈ ಭಾಗದ ರಂಗಭೂಮಿಯನ್ನು ಕಟ್ಟಿದವರಾದರೂ ಎಲ್ಲಿಂದ ಬಂದವರು? ಬಸವಣ್ಣನ ಪಾತ್ರದಿಂದ ನಾಡಿಗೆಲ್ಲ ಪರಿಚಿತರಾದ ಏಣಗಿ ಬಾಳಪ್ಪನವರು 1914ರಲ್ಲಿ ಸವದತ್ತಿ ತಾಲೂಕಿನ ಏಣಗಿಯ ಬಡ ಒಕ್ಕಲು ಮನೆಯಲ್ಲಿ ಹುಟ್ಟಿದವರು. ಎಳವೆಯಲ್ಲಿ ಸ್ತ್ರೀ ಪಾತ್ರಗಳನ್ನು ಮಾಡುತ್ತ ಬೆಳೆದು, 1947ರಲ್ಲಿ ಕಲಾವೈಭವ ನಾಟ್ಯ ಸಂಘವನ್ನು ಕಟ್ಟಿದರು. 2017ರಲ್ಲಿ, ನೂರನ್ನು ದಾಟಿ ಲಿಂಗೈಕ್ಯರಾದರು. ಮಲ್ಲಿಕಾರ್ಜುನ ಮನ್ಸೂರರೂ ಧಾರವಾಡದ ಸಮೀಪದ ಹಳ್ಳಿಯಿಂದ ಬಾಲನಟರಾಗಿ ಕಂಪನಿ ಸೇರಿದವರೇ. ಅವರ ಸಂಗೀತದ ಮೊದಲ ಗುರು ಅವರ ಹಾಡನ್ನು ಕೇಳಿದ್ದು ನಾಟಕದಲ್ಲಿ. ಕೃಷ್ಣೆಯ ಆಚೆಯ ಬೀಳಗಿಯ ಗೋಹರಬಾಯಿ, ಅಮೀರಬಾಯಿ ಸೋದರಿಯರು ಮುಸಲ್ಮಾನ ಸಂಗೀತಗಾರರ ಮನೆಯ ಮಕ್ಕಳು. ಅಕ್ಕ ಬಾಲಗಂಧರ್ವರೊಡನೆ ರಂಗವೇರಿದಳು, ತಂಗಿ ಮುಂಬಯಿಯ ಚಲಚ್ಚಿತ್ರಗಳಲ್ಲಿ ಹಾಡಿ ಅಭಿನಯಿಸಿ ಹೆಸರಾದಳು.

ಇವರೆಲ್ಲರಿಗಿಂತ ನನ್ನ ಮನಸ್ಸಿಗೆ ಹತ್ತಿರವಾದುದು ಗದಗಿನ ಕಥೆ. 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಸ್ವಾಮಿಗಳು, ಗದಿಗೆಯ್ಯನೆಂಬ ಹುಟ್ಟುಗುರುಡ ಬಾಲಕನ ಕಂಠವನ್ನು ಗುರುತಿಸಿ ಅವನಿಗೆ ಸಂಗೀತ ಶಿಕ್ಷಣ ಕೊಡಿಸಿದರು. ಆತನೇ ಪಂಚಾಕ್ಷರಿ ಗವಾಯಿಗಳಾದರು. ಅಂಧರನ್ನೂ ಅನಾಥರನ್ನೂ ಜಾತಿ ಕೇಳದೆ ಕೂಡಿಸಿಕೊಂಡು, ಊರಿಂದೂರಿಗೆ ಸಂಚರಿಸುತ್ತ ಕಲಿಸಿದರು. ಕೊನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆ ನಿಂತರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಭಾರ ಬಿದ್ದುದು ಪುಟ್ಟರಾಜ ಗವಾಯಿಗಳ ಹೆಗಲಿಗೆ. ಅವರೂ ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. ಅಷ್ಟು ಮಕ್ಕಳ ಅನ್ನಕ್ಕೆ ಕಾಣಿಕೆಯೊಂದೇ ಸಾಲದು. ಆಶ್ರಮದ ನಾಟ್ಯ ಸಂಘ ಬೆಳೆದದ್ದು ಈ ಹಸಿವಿನ ಲೆಕ್ಕದಲ್ಲಿ. ಗವಾಯಿಗಳು ತಾವೇ ನಾಟಕಗಳನ್ನು ರಚಿಸಿದರು. ಜಾತ್ರೆಗಳಲ್ಲಿ ಡೇರೆ ಹೊಡೆದರು. ಟಿಕೇಟಿನ ಹಣ ದಾಸೋಹಕ್ಕೆ ಹೋಯಿತು. ಮಠದ ಪಾವಿತ್ರ್ಯಕ್ಕೆ ನಾಟಕದ ಬಣ್ಣ ತಗಲಬಾರದೆಂದು ಗೊಣಗುವವರಿಗೆ ಇದಕ್ಕಿಂತ ಬೇರೆ ಉತ್ತರ ನನಗೆ ತಿಳಿದಿಲ್ಲ.

ಹೀಗೆ ಬರೆಯುವ ನಾನು ಗೊಣಗುವವರ ಪಂಕ್ತಿಯಲ್ಲಿ ಕುಳಿತವನೇ. ಸುಮಾರು 45 ವರ್ಷಗಳ ಹಿಂದೆ, ಮಠದ ವಿದ್ಯಾರ್ಥಿಯಾಗಿದ್ದಾಗ, ಒಂದು ಹಳ್ಳಿಯಲ್ಲಿ ಇಂಥದೇ ನಾಟಕ ನೋಡಿದೆ. ನೀಲಾಂಬಿಕೆಯಾಗಿದ್ದ ನಟಿಗೆ ಊರಿನ ದೊಡ್ಡ ಮನೆಯ ಯಜಮಾನಿ ರಂಗದ ಮೇಲೆಯೇ ಉಡಿ ತುಂಬಿ ಕಣ್ಣಿಗೆ ಸೆರಗೊತ್ತಿಕೊಂಡಳು. ಬೆಳಿಗ್ಗೆ ಅದೇ ಮನೆಯಲ್ಲಿ ಎಲ್ಲರಿಗೂ ಊಟ. ಬಣ್ಣ ತೊಳೆದುಕೊಂಡು ಬಂದ ಆ ನಟಿಗೆ ಮಾತ್ರ ಎತ್ತಿನ ಕೊಟ್ಟಿಗೆಯ ಪಡಸಾಲೆಗೆ ತಟ್ಟೆ ಹೋಯಿತು. ನಾನು ಒಳಗೆ ಕುಳಿತು ಹೋಳಿಗೆ ಉಂಡೆ. ಸುಳಾದಿ ಹಾಡುತ್ತಿದ್ದವರ ಮಗಳೆಂದೋ, ಕಂಪನಿಯವಳೆಂದೋ ಯಾರೋ ಪಿಸುಗುಟ್ಟಿದರು. ಆಕೆ ಯಾರೆಂದು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ.

ಈ ಸಲದ ನಾಟಕ ಮುಗಿದ ಬೆಳಿಗ್ಗೆ ಬಸ್ಸಿನ ಕಟ್ಟೆಯ ಮೇಲೆ ನೀಲಾಂಬಿಕೆಯ ಪಾತ್ರಧಾರಿ ಕೈಚೀಲ ಹಿಡಿದು ಕುಳಿತಿದ್ದರು. ಐವತ್ತು ದಾಟಿದ ವಯಸ್ಸು. ಕಿವಿಯ ಬಳಿ ಇನ್ನೂ ಬಣ್ಣವಿತ್ತು. ಹೋಗಿ ಮಾತನಾಡಿಸಿದೆ. ತಾಯಿಯೂ ಕಂಪನಿಯಲ್ಲಿದ್ದವರಂತೆ. ಕಂಪನಿ ಮುಚ್ಚಿದ ಮೇಲೆ ಇವರು ಜಾತ್ರೆಯಿಂದ ಜಾತ್ರೆಗೆ ಒಂದು ರಾತ್ರಿಯ ಸಂಬಳಕ್ಕೆ ಹೋಗುತ್ತಾರೆ. ಓದು ಬರುವುದಿಲ್ಲ, ಯಾರಾದರೂ ಒಮ್ಮೆ ಓದಿ ಹೇಳಿದರೆ ಸಾಕು, ಇಡೀ ಪಾತ್ರ ನೆನಪಿನಲ್ಲಿ ನಿಲ್ಲುತ್ತದೆ. ಊಟವಾಯಿತೇ ಎಂದು ಕೇಳಿದೆ. ಆಯಿತೆಂದರು, ಗೌಡರ ಮನೆಯಲ್ಲಿ, ಎಲ್ಲರ ಸಂಗಡ.

ನಾನು ಏಳುವಷ್ಟರಲ್ಲಿ ಅವರೇ ಕೇಳಿದರು: “ಅಪ್ಪಾರ, ನೀಲಮ್ಮಗ ‘ವಿಚಾರಪತ್ನಿ’ ಅಂತ ಒಂದು ಮಾತು ಬರತೈತಲ್ರಿ. ಮೂವತ್ತು ವರ್ಷ ಆತು ಹೇಳಾಕ ಹತ್ತಿ. ಹಂಗಂದ್ರ ಏನ್ರಿ? ಯಾರೂ ಹೇಳಿಲ್ಲ.”

“ಹೇಳತೀನಿ ತಾಯಿ” ಎಂದು ಅವರ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಳಿತೆ. ಬಸ್ಸು ಅರ್ಧ ಗಂಟೆ ತಡವಾಗಿ ಬಂತು. ಆದರೂ ಹೇಳಿ ಮುಗಿದಿರಲಿಲ್ಲ.