ಕೊಳದ ನೀರು ತಿಳಿಯಾಗಿದ್ದರೆ ಸಾಲದು

ಮನೆಯ ಅಂಗಳದಲ್ಲಿ ಪುಟ್ಟ ಕೊಳವೊಂದಿದ್ದು, ಅದರಲ್ಲಿ ಬಣ್ಣಬಣ್ಣದ ಮೀನುಗಳು ಈಜಾಡುತ್ತಿದ್ದರೆ ಅದು ಕಣ್ಣಿಗೆ ತಂಪು, ಮನಸ್ಸಿಗೆ ಹಿತ. ಇತ್ತೀಚಿನ ವರ್ಷಗಳಲ್ಲಿ ನಮ್ಮ ನಗರಗಳಲ್ಲಿ ಹೊಸದಾಗಿ ಮನೆ ಕಟ್ಟಿಸುವ ಕೆಲವು ಗೃಹಸ್ಥರು ತೋಟದ ಒಂದು ಮೂಲೆಯಲ್ಲಿ ಕೊಳ ತೋಡಿಸಿ, ಕೊಯಿ ಎಂಬ ಜಪಾನಿನ ಮೀನುಗಳನ್ನು ಬಿಡುತ್ತಿದ್ದಾರೆ. ಕೊಳದ ಅಂಚಿಗೆ ಯಾವ ಕಲ್ಲು ಒಪ್ಪುತ್ತದೆ, ದೀಪವನ್ನು ಎಲ್ಲಿ ಹಾಕಿಸಬೇಕು ಎಂದು ಹತ್ತು ಜನರನ್ನು ವಿಚಾರಿಸುವವರುಂಟು. ಆದರೆ ಆ ನೀರನ್ನು ಶುದ್ಧವಾಗಿಡುವ ಶೋಧಕವನ್ನು, ಅಂದರೆ ಫಿಲ್ಟರನ್ನು, ಅಷ್ಟೇ ಶ್ರದ್ಧೆಯಿಂದ ಆರಿಸುವವರು ವಿರಳ. ಈ ಅಲಕ್ಷ್ಯದ ಫಲವನ್ನು ಅನುಭವಿಸುವುದು ಮಾತ್ರ ಬಾಯಿಲ್ಲದ ಜೀವಗಳು.

ಕೊಯಿ ಎಂಬುದು ಗೆಂಡೆ ಜಾತಿಯ ಮೀನು. ಜಪಾನಿನ ನೀಗಾತ ಪ್ರಾಂತದ ಗುಡ್ಡಗಾಡಿನ ರೈತರು ಆಹಾರಕ್ಕಾಗಿ ಸಾಕುತ್ತಿದ್ದ ಗೆಂಡೆಗಳಲ್ಲಿ 19ನೆಯ ಶತಮಾನದಲ್ಲಿ ಅಲ್ಲೊಂದು ಇಲ್ಲೊಂದು ಬಣ್ಣದ ಮರಿ ಕಾಣಿಸಿಕೊಂಡಿತು. ಅವನ್ನು ಬೇರ್ಪಡಿಸಿ ತಲೆಮಾರುಗಳ ಕಾಲ ಬೆಳೆಸಿದ ಫಲವೇ ಇಂದಿನ ಕೊಯಿ. 1914ರಲ್ಲಿ ಟೋಕಿಯೊ ನಗರದ ವಸ್ತುಪ್ರದರ್ಶನದಲ್ಲಿ ಅವನ್ನು ಇರಿಸಿದ ಮೇಲೆ ಅವುಗಳ ಕೀರ್ತಿ ಹೊರಗೆ ಹಬ್ಬಿತು. ಅಂಗಡಿಯಲ್ಲಿ ಬೆರಳುದ್ದವಿರುವ ಈ ಮರಿ ಚೆನ್ನಾಗಿ ಬೆಳೆದರೆ ಎರಡು ಅಡಿಯಷ್ಟಾಗುತ್ತದೆ; ಸರಿಯಾದ ಆರೈಕೆಯಿದ್ದರೆ 25–30 ವರ್ಷ ಬದುಕುತ್ತದೆ. ಆದುದರಿಂದ ಇದನ್ನು ಗಾಜಿನ ತೊಟ್ಟಿಯ ಚಿನ್ನದ ಮೀನಿನಂತೆ ಭಾವಿಸುವುದು ತರವಲ್ಲ.

ಶೋಧಕವೇಕೆ ಬೇಕೆಂಬುದನ್ನು ಮೊದಲು ತಿಳಿಯೋಣ. ಮೀನು ತಿಂದ ಆಹಾರದಲ್ಲಿನ ಸಾರಜನಕದ ಅಂಶವು ಬಹುಮಟ್ಟಿಗೆ ಅದರ ಕಿವಿರುಗಳ ಮೂಲಕವೇ ಅಮೋನಿಯಾ ಆಗಿ ನೀರಿಗೆ ಸೇರುತ್ತದೆ. ಒಂದು ಕಿಲೋ ಮೀನಿನ ಆಹಾರದಿಂದ ಸುಮಾರು 30 ಗ್ರಾಂ ಅಮೋನಿಯಾ ಉಂಟಾಗುತ್ತದೆಂಬುದು ಮೀನುಸಾಕಣೆಯಲ್ಲಿ ರೂಢಿಯಲ್ಲಿರುವ ಲೆಕ್ಕ. 4 ಮೀಟರ್ ಉದ್ದ, 2.5 ಮೀಟರ್ ಅಗಲ, 1.2 ಮೀಟರ್ ಆಳದ ಕೊಳವೊಂದನ್ನು ತೆಗೆದುಕೊಳ್ಳಿ. ಈ ಮೂರನ್ನೂ ಗುಣಿಸಿದರೆ 12 ಘನಮೀಟರ್, ಅರ್ಥಾತ್ 12,000 ಲೀಟರ್ ನೀರು. ಅದಕ್ಕೆ ದಿನಕ್ಕೆ 100 ಗ್ರಾಂ ಆಹಾರ ಹಾಕಿದರೆ 3 ಗ್ರಾಂ ಅಮೋನಿಯಾ ಸೇರಿ, ಲೀಟರಿಗೆ ಕಾಲು ಮಿಲಿಗ್ರಾಂನಂತೆ ದಿನದಿನವೂ ಏರುತ್ತದೆ. ನಾಲ್ಕೇ ದಿನಗಳಲ್ಲಿ ಅದು ಲೀಟರಿಗೆ ಒಂದು ಮಿಲಿಗ್ರಾಂ ಆಗುವುದು. ಇಷ್ಟು ಸಾಕು, ಮೀನಿನ ಕಿವಿರು ಸುಡುವುದಕ್ಕೆ. ನೀರು ಕ್ಷಾರಗುಣವುಳ್ಳದ್ದಾಗಿ ಬೆಚ್ಚಗಿದ್ದಷ್ಟೂ ಈ ವಿಷದ ಉಗ್ರತೆ ಹೆಚ್ಚು.

ಇದನ್ನು ನಿವಾರಿಸುವ ಕಾರ್ಯವನ್ನು ಪ್ರಕೃತಿಯೇ ಸೂಕ್ಷ್ಮಾಣುಗಳಿಗೆ ವಹಿಸಿದೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿಸುತ್ತವೆ; ಇದೂ ವಿಷವೇ. ಮತ್ತೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಇದು ಅಷ್ಟು ಹಾನಿಕರವಲ್ಲ, ಗಿಡಗಳಿಗೆ ಗೊಬ್ಬರವೂ ಹೌದು. ಈ ಸೂಕ್ಷ್ಮಾಣುಗಳಿಗೆ ಅಂಟಿಕೊಳ್ಳಲು ನೆಲೆ ಬೇಕು, ಉಸಿರಾಡಲು ಹರಿಯುವ ನೀರಿನ ಆಮ್ಲಜನಕ ಬೇಕು. ಅವೆರಡನ್ನೂ ಒದಗಿಸುವ ಮನೆಯೇ ಶೋಧಕ.

ಕಳೆದ ವರ್ಷ ಧಾರವಾಡದ ಕಡೆಯ ಪರಿಚಿತ ಕುಟುಂಬವೊಂದರಲ್ಲಿ ನಾವು ಕಂಡ ಸಂಗತಿ ಇಲ್ಲಿ ಹೇಳತಕ್ಕದ್ದು. ಗೃಹಪ್ರವೇಶದ ಹಿಂದಿನ ದಿನ ಕೊಳ ತುಂಬಿಸಿ, ಮರುದಿನವೇ ಹದಿನಾಲ್ಕು ಮೀನುಗಳನ್ನು ಬಿಟ್ಟಿದ್ದರು. ಶೋಧಕದೊಳಗೆ ಅತಿನೇರಳೆ ಕಿರಣದ ದೀಪವಿದ್ದುದರಿಂದ ನೀರು ಕನ್ನಡಿಯಂತಿತ್ತು. ಮೂರನೆಯ ವಾರದೊಳಗೆ ಒಂಬತ್ತು ಮೀನುಗಳು ಸತ್ತವು. ಆ ಮನೆಯ ಪುಟ್ಟ ಹುಡುಗಿ, "ಅಜ್ಜಾರ, ನೀರು ಇಷ್ಟು ತಿಳಿ ಐತಲ್ರಿ, ಮೀನು ಯಾಕ ಸತ್ತುವ್ರಿ?" ಎಂದು ಕೇಳಿದಳು. ಮನೆಯವರು ರೋಗವೆಂದು ಬಗೆದು ಔಷಧ ಸುರಿಯುತ್ತಿದ್ದರು. ನೀರಿನ ಪರೀಕ್ಷೆ ಮಾಡಿಸಿದಾಗ ಅಮೋನಿಯಾ ಮಿತಿಮೀರಿತ್ತು. ಔಷಧ ನಿಲ್ಲಿಸಿ, ಆಹಾರ ಕಡಿತಗೊಳಿಸಿ, ದಿನಕ್ಕಿಷ್ಟು ನೀರು ಬದಲಿಸುತ್ತ ಬಂದ ಮೇಲೆ ಉಳಿದ ಐದು ಬದುಕಿಕೊಂಡವು.

ಅತಿನೇರಳೆ ದೀಪವು ನೀರನ್ನು ಹಸಿರಾಗಿಸುವ ಪಾಚಿಯನ್ನು ಕೊಲ್ಲುತ್ತದೆ, ಆದರೆ ಅಮೋನಿಯಾವನ್ನು ಮುಟ್ಟುವುದಿಲ್ಲ. ಸೂಕ್ಷ್ಮಾಣುಗಳು ಹೊಸ ಶೋಧಕದಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ಆ ಅವಧಿಯಲ್ಲಿ ಎರಡು ಮೂರು ಮೀನುಗಳಿಗಿಂತ ಹೆಚ್ಚು ಬಿಡಲಾಗದು; ಆಹಾರವೂ ಅಲ್ಪವಾಗಿರಬೇಕು.

ಈಗ ಆಯ್ಕೆಯ ವಿಚಾರ. ಮೊದಲನೆಯದು ಮುಚ್ಚಿದ ಡಬ್ಬಿಯಂಥ ಒತ್ತಡದ ಶೋಧಕ. ಬೆಲೆ ಕಡಿಮೆ, ಕೂರಿಸುವುದು ಸುಲಭ. ಆದರೆ ಪಂಪು ಮೀನಿನ ಮಲವನ್ನು ಪುಡಿ ಮಾಡಿಯೇ ಇದಕ್ಕೆ ತಳ್ಳುವುದರಿಂದ ಸೋಸುವುದು ಕಷ್ಟ. ಒಳಗಿನ ಸ್ಥಳವೂ ಕಡಿಮೆ. ಕೆಲವೇ ಸಾವಿರ ಲೀಟರಿನ, ಮೀನು ವಿರಳವಾದ ಕೊಳಕ್ಕೆ ಇದು ಸಾಕಾದೀತು. ಎರಡನೆಯದು ಹಲವು ಕೋಣೆಗಳ ಶೋಧಕ. ಕೊಳದ ತಳದ ಕೊಳವೆಯಿಂದ ನೀರು ತಾನಾಗಿ ಮೊದಲ ಕೋಣೆಗೆ ಬಂದು ಅಲ್ಲಿ ಹೊಲಸು ತಂಗುತ್ತದೆ; ಎರಡನೆಯದರಲ್ಲಿ ಬ್ರಷ್ಷುಗಳು ಉಳಿದುದನ್ನು ಹಿಡಿಯುತ್ತವೆ; ಮೂರನೆಯದರಲ್ಲಿ ಸದಾ ಹೊರಳಾಡುವ ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ಸೂಕ್ಷ್ಮಾಣುಗಳು ನೆಲೆಸುತ್ತವೆ. ಪಂಪು ಇರುವುದು ಕಟ್ಟಕಡೆಗೆ. ತಿಳಿದ ಗಾರೆಯವನು ಇದನ್ನು ಇಟ್ಟಿಗೆ-ಸಿಮೆಂಟಿನಲ್ಲೇ ಕಟ್ಟಿಕೊಡಬಲ್ಲ. ಮೂರನೆಯದು ತನ್ನ ಜಾಲರಿಯನ್ನು ತಾನೇ ತೊಳೆದುಕೊಳ್ಳುವ ತಿರುಗುವ ಡ್ರಮ್ಮಿನ ಶೋಧಕ. ಶ್ರಮ ಕಡಿಮೆ, ವೆಚ್ಚ ಬಹಳ; ಅದರ ಮುಂದೆ ಸೂಕ್ಷ್ಮಾಣುಗಳ ಕೋಣೆ ಬೇರೆಯಾಗಿ ಬೇಕೇ ಬೇಕು. ಗೃಹಸ್ಥರಿಗೆ ನಮ್ಮ ಸಲಹೆ ಎರಡನೆಯದರ ಕಡೆಗೆ. ಇದಕ್ಕೆ ತಳದ ಕೊಳವೆ ಅಗತ್ಯವಾದುದರಿಂದ ಕೊಳ ತೋಡುವ ಮೊದಲೇ ನಿರ್ಧರಿಸಬೇಕು. ಮುಗಿದ ಕೊಳಕ್ಕೆ ತಳ ಒಡೆಯದೆ ಅದನ್ನು ಜೋಡಿಸಲಾಗದು.

ಪಂಪಿನ ಶಕ್ತಿಯ ಲೆಕ್ಕವೂ ಸರಳ. ಕೊಳದ ನೀರೆಲ್ಲ ಒಂದೆರಡು ಗಂಟೆಗೊಮ್ಮೆ ಶೋಧಕದ ಮೂಲಕ ಹಾಯಬೇಕು. ಮೇಲಿನ 12,000 ಲೀಟರಿನ ಕೊಳಕ್ಕೆ ಗಂಟೆಗೆ 6,000ದಿಂದ 12,000 ಲೀಟರ್ ಹರಿಸುವ ಪಂಪು ಬೇಕಾಗುತ್ತದೆ. ಡಬ್ಬಿಯ ಮೇಲೆ ಮುದ್ರಿಸಿದ ಪ್ರಮಾಣವು ನೀರನ್ನು ಮೇಲಕ್ಕೆ ಎತ್ತದಿದ್ದಾಗಿನದು. ಎತ್ತರ ಹೆಚ್ಚಿದಂತೆ ಹರಿವು ಕುಗ್ಗುವುದನ್ನು ಮರೆಯಬಾರದು. 100 ವಾಟ್ ಪಂಪು ಹಗಲಿರುಳು ನಡೆದರೆ ತಿಂಗಳಿಗೆ 72 ಯೂನಿಟ್ ವಿದ್ಯುತ್ ಬೇಕು. ಉಳಿತಾಯಕ್ಕೆಂದು ರಾತ್ರಿ ನಿಲ್ಲಿಸಿದರೆ ಸೂಕ್ಷ್ಮಾಣುಗಳು ಉಸಿರಿಲ್ಲದೆ ಸಾಯತೊಡಗುತ್ತವೆ. ಕರೆಂಟು ಹೋದಾಗ ಇನ್‌ವರ್ಟರಿನ ಮೇಲೆ ನಡೆಯುವ ಸಣ್ಣ ಗಾಳಿಯಂತ್ರವೊಂದಿರಲಿ. ನೀರಿನಲ್ಲಿ ವಿದ್ಯುತ್ ಉಪಕರಣವಿರುವಲ್ಲಿ ಸೋರಿಕೆಯನ್ನು ಕಂಡೊಡನೆ ಸಂಪರ್ಕ ಕಡಿಯುವ ಸುರಕ್ಷಾ ಸ್ವಿಚ್ಚು ಅತ್ಯವಶ್ಯ. ಕೊಳದ ದಡದಲ್ಲಿ ಆಡುವವು ನಮ್ಮ ಮಕ್ಕಳೇ ಅಲ್ಲವೇ!

ಇನ್ನು ನೀರಿನ ಮಿತವ್ಯಯ. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಜಲಮಂಡಳಿಯು ತೋಟಕ್ಕೂ ವಾಹನ ತೊಳೆಯುವುದಕ್ಕೂ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ವಿಧಿಸುವುದಾಗಿ ಸಾರಬೇಕಾಯಿತು. ಒಳ್ಳೆಯ ಶೋಧಕವಿದ್ದರೆ ಕೊಳವನ್ನು ಬರಿದು ಮಾಡಿ ತುಂಬಿಸುವ ಪ್ರಮೇಯವಿಲ್ಲ; ವಾರಕ್ಕೆ ಹತ್ತನೆಯ ಒಂದು ಭಾಗ ಬದಲಿಸಿದರೆ ಸಾಕು. ತೆಗೆದ ನೀರನ್ನು ಗಿಡಗಳಿಗೆ ಹಾಯಿಸಬಹುದು. ನಲ್ಲಿಯ ನೀರಿನ ಕ್ಲೋರಿನ್ ಮೀನಿಗೂ ಸೂಕ್ಷ್ಮಾಣುಗಳಿಗೂ ಮಾರಕವಾದುದರಿಂದ ಅದನ್ನು ಕಳೆದೇ ಬಳಸಬೇಕು. ಇದೇ ಕಾರಣದಿಂದ ಶೋಧಕದ ಬಿಲ್ಲೆಗಳನ್ನು ನಲ್ಲಿಯ ಕೆಳಗೆ ತೊಳೆಯದೆ ಕೊಳದ ನೀರಿನಲ್ಲೇ ಜಾಲಾಡಿಸಬೇಕು.

ಬೆಳೆದ ಕೊಯಿ ಒಂದಕ್ಕೆ ಸಾವಿರ ಲೀಟರ್ ನೀರಾದರೂ ಬೇಕೆಂಬುದು ಅನುಭವಿಗಳ ಮಾತು. ಅಷ್ಟು ಸ್ಥಳ, ಆಳ, ವೆಚ್ಚ ಸಾಧ್ಯವಾಗದಿದ್ದಲ್ಲಿ ಚಿಕ್ಕ ಜಾತಿಯ ಮೀನುಗಳನ್ನು ಸಾಕುವುದೇ ವಿವೇಕ. ಬೇಡವಾದ ಕೊಯಿಯನ್ನು ಊರ ಕೆರೆಗೆ ಬಿಡುವುದಂತೂ ಕೂಡದು. ಅದು ಕೆರೆಯ ತಳವನ್ನು ಕೆದಕಿ ನೀರನ್ನು ಕದಡಿ, ಅಲ್ಲಿನ ಸಸ್ಯಗಳಿಗೂ ಮೀನುಗಳಿಗೂ ತೊಂದರೆ ತರುತ್ತದೆ. ಆದುದರಿಂದ ಮೊದಲು ಲೆಕ್ಕ, ಆಮೇಲೆ ಶೋಧಕ, ಅದರ ನಂತರ ಕೊಳ, ಕೊನೆಗೆ ಮೀನು ಎಂಬ ಕ್ರಮವನ್ನು ಓದುಗ ಬಂಧುಗಳು ಪಾಲಿಸಲಿ. ವಾರಕ್ಕೊಮ್ಮೆ ನೀರಿನ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಲಿ. ಒಂದು ಜೀವದ ಹೊಣೆ ಹೊರುವುದೆಂದರೇನು ಎಂಬುದನ್ನು ಅವರು ಆ ಪುಟಗಳಿಂದಲೇ ಕಲಿತಾರು.