ಉದ್ದನೆಯ ಇಂಗ್ಲಿಷ್ ಪದದಲ್ಲಿ ಒತ್ತು ಎಲ್ಲಿ?

ಅಭ್ಯಾಸ ಪಾಠಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಉಚ್ಚಾರಾಂಶಗಳನ್ನು ಸರಿಯಾಗಿಯೇ ಎಣಿಸುತ್ತಾರೆ. ‘ಯೂ-ನಿ-ವರ್-ಸಿ-ಟಿ’ಗೆ 5 ಚಪ್ಪಾಳೆ. ಆದರೆ ಐದೂ ಒಂದೇ ತೂಕದವು. ಇಂಗ್ಲಿಷಿನಲ್ಲಿ ಇಲ್ಲಿ ‘ವರ್’ ಎದ್ದು ಕೇಳಬೇಕು, ‘ಯೂ’ಗೆ ಕಿರು ಒತ್ತು, ಉಳಿದವು ತಗ್ಗಬೇಕು.

ಇದಕ್ಕೆ ನಾನು ಬಳಸುವುದು ‘ಫೋಟೋಗ್ರಾಫ್’ ಕುಟುಂಬ. ಫೋಟೋಗ್ರಾಫ್‌ನಲ್ಲಿ ಒತ್ತು ಮೊದಲ ಅಂಶಕ್ಕೆ, ಫೋಟೋಗ್ರಫಿಯಲ್ಲಿ ಎರಡನೆಯದಕ್ಕೆ, ಫೋಟೋಗ್ರಾಫಿಕ್‌ನಲ್ಲಿ ಮೂರನೆಯದಕ್ಕೆ. ಒತ್ತು ಸರಿದಂತೆ ಸ್ವರವೂ ಬದಲಾಗುತ್ತದೆ. ಫೋಟೋಗ್ರಫಿ ಎನ್ನುವಾಗ ‘ಫೋ’ ಕುಗ್ಗಿ ‘ಫ’ದಷ್ಟಾಗುತ್ತದೆ, ‘ಟಾಗ್’ ಮೇಲೇಳುತ್ತದೆ. ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿತ ಮಗುವಿಗೆ ಇದು ಕಾಣುವುದೇ ಇಲ್ಲ. ಮುಂದೆ ಯಾರಾದರೂ ಸಹಜವಾಗಿ ನುಡಿದಾಗ, ತನಗೆ ಗೊತ್ತಿರುವ ಪದವನ್ನೇ ಅದು ಗುರುತಿಸಲಾರದು.

‘ಒತ್ತು’ ಎಂದರೆ ಮಕ್ಕಳು ಒತ್ತಕ್ಷರ ಹುಡುಕುತ್ತಾರೆ, ಎಚ್ಚರವಿರಲಿ! ಗುರು-ಲಘುವಿನ ಹೋಲಿಕೆಯೂ ನನಗೆ ಒಪ್ಪಿಗೆಯಿಲ್ಲ. ಗುರು ಮಾತ್ರೆಯ ಲೆಕ್ಕ. ಒತ್ತಿನಲ್ಲಿ ದನಿಯ ಏರು, ಬಲ, ಕಾಲ ಮೂರೂ ಸೇರುತ್ತವೆ.

‘ಇಟಿ’, ‘ಇಕ್’, ‘ಷನ್’ ಎಂದು ಮುಗಿಯುವ ಪದಗಳಲ್ಲಿ ಒತ್ತು ಸಾಮಾನ್ಯವಾಗಿ ಆ ಪ್ರತ್ಯಯದ ಹಿಂದಿನ ಅಂಶಕ್ಕೇ ಬೀಳುತ್ತದೆ: ಎಬಿಲಿಟಿಯಲ್ಲಿ ‘ಬಿಲ್’, ಎಜುಕೇಷನ್‌ನಲ್ಲಿ ‘ಕೇ’. ಗಣಿತವೆಂಬ ಅರ್ಥದ ‘ಅರಿಥ್‌ಮೆಟಿಕ್’ ಇದಕ್ಕೆ ಅಪವಾದ, ಅಲ್ಲಿ ಒತ್ತು ‘ರಿಥ್’ಗೆ. ಅದನ್ನು ಮೊದಲ ಪಾಠಕ್ಕೇ ತರಬೇಡಿ.